ಮಾಸೂರಿನವಳ ಉಸಿರು

ಮೊನ್ನೆ ಶಿಗ್ಗಾಂವಿಗೆ ನಿಮ್ಮ ಮನೆಗೆ ಬಂದಾಗ ನೀವಿಬ್ಬರೂ ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿ ಮೆಂತ್ಯ ಸೊಪ್ಪು ತಿನ್ನುತ್ತಿದ್ದಿರಿ. ನಾನು ತಾಟು ಎತ್ತಿಕೊಂಡು ಪಡಸಾಲೆಗೆ ಹೋಗಿ ಕುಳಿತೆ. "ಅಜ್ಜಿಗೆ ನಮ್ಮ ಕೂಡ ಉಣ್ಣಾಕ ಸೇರಂಗಿಲ್ಲ" ಎಂದು ಸಣ್ಣವಳು ಮುಖ ಊದಿಸಿಕೊಂಡಳು. ದೊಡ್ಡವಳು ನನ್ನ ಚೀಲದಲ್ಲಿದ್ದ ಬಿಳಿ ಕೊಳವೆಯನ್ನು ಪೀಪಿ ಎಂದು ತಿಳಿದು ಊದಿ, ಅದರ ಕೆಂಪು ಮುಳ್ಳು ಸರ್ರನೆ ಮೇಲಕ್ಕೆ ಓಡಿದ್ದನ್ನು ಕಂಡು ಕುಣಿದಾಡಿದಳು. ಆ ಹೊತ್ತಿಗೆ ನಾನು ಏನೂ ಹೇಳಲಿಲ್ಲ. ನಾಲ್ಕು ಜನರ ಎದುರು ಬಾಯಿ ತೆರೆಯುವುದೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಬರೆಯುವುದು ಅಷ್ಟು ಕಷ್ಟವಲ್ಲ. ಹತ್ತಿಮತ್ತೂರಿನ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇನ್ನೂ ಕೈಯಲ್ಲಿದೆ.

ಹಸಿ ಸೊಪ್ಪಿನಿಂದ ಹೆಚ್ಚಿನ ಅಪಾಯವಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಆದರೂ ನನಗೆ ಧೈರ್ಯವಿಲ್ಲ. ಆದರೆ ನಾನು ಎದ್ದು ಹೋದದ್ದು ಅದಕ್ಕಲ್ಲ. ನೀವು ಅಷ್ಟು ಆರಾಮಾಗಿ ತಿನ್ನುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅಜ್ಜಿಯಾದವಳು ಮೊಮ್ಮಕ್ಕಳ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಗೊತ್ತಿದೆ. ಈ ಗುಣ ನನ್ನಲ್ಲಿ ಮೊದಲಿನಿಂದಲೂ ಇದೆ. ಒಂದು ಸಲ ಅದು ಬಹಳ ದೂರ ಹೋಯಿತು. ಅದನ್ನೇ ಬರೆಯುತ್ತೇನೆ.

ಹಾನಗಲ್ ಊರ ಹೊರಗೆ ಒಂದು ಹಳೆಯ ಅಕ್ಕಿ ಗಿರಣಿಯ ಶೆಡ್ ಇದೆ. ಅಲ್ಲಿ ತಲೆಗೆ ಹಚ್ಚುವ ಪುಡಿ ಮಾಡುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಅಲ್ಲಿಗೆ ಕೆಲಸಕ್ಕೆ ಸೇರಿದೆ. ಸೀಗೆಕಾಯಿ, ಅಂಟವಾಳ, ಒಣಗಿದ ನೆಲ್ಲಿಕಾಯಿ, ಮೆಂತ್ಯ, ಈ ನಾಲ್ಕು ಮುಖ್ಯ ಮಾಲು. ಅಂಗಳದಲ್ಲಿ ಒಣಗಿಸಿ, ಬೀಜ ತೆಗೆದು, ಬೇರೆ ಬೇರೆಯಾಗಿ ಮಷೀನಿಗೆ ಹಾಕುತ್ತಿದ್ದರು. ಮಷೀನಿನ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಪುಡಿ ಡಬ್ಬಿಗೆ ಬೀಳುತ್ತಿತ್ತು. ಅದು ಇನ್ನೂ ತರಿ ತರಿ. ಮುಂದಿನ ಕೆಲಸ ಸಾಣಿಗೆ ಕೋಣೆಯಲ್ಲಿ. ಕಟ್ಟಿಗೆಯ ಚೌಕಟ್ಟಿಗೆ ತೆಳು ಮಲ್ಲು ಬಟ್ಟೆ ಬಿಗಿದು, ಪುಡಿ ಸುರಿದು, ಎರಡೂ ಕೈಯಿಂದ ಅತ್ತಿತ್ತ ಆಡಿಸಬೇಕು. ಆ ಕೋಣೆಯ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಫ್ಯಾನೂ ಇರಲಿಲ್ಲ. ಗಾಳಿ ಬಂದರೆ ಮಾಲು ಹಾರುತ್ತದೆ ಎಂಬ ಲೆಕ್ಕ. ಬಾಗಿಲ ಸಂದಿಯಿಂದ ಬರುವ ಬಿಸಿಲಿನ ಪಟ್ಟಿಯಲ್ಲಿ ಪುಡಿ ಹೊಗೆಯಂತೆ ತೇಲುತ್ತಿತ್ತು.

ಸಾಣಿಗೆ ಹಿಡಿಯುವವಳಿಗೆ ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಮಾನ. ಪುಡಿ ಪಾಸು ಮಾಡುವವಳು ಅವಳೇ. ಅದಕ್ಕೆ ಎರಡು ಪರೀಕ್ಷೆ. ಒಂದು ಚಿಟಿಕೆ ಪುಡಿಯನ್ನು ಎಡಗೈಯ ಹಿಂಬದಿಗೆ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ, ಊದಬೇಕು. ತರಿ ಇದ್ದರೆ ಹಾರಿಹೋಗುತ್ತದೆ, ನುಣ್ಣಗಿದ್ದರೆ ಚರ್ಮದ ಗೆರೆಗಳಲ್ಲಿ ವಿಭೂತಿಯಂತೆ ಕೂರುತ್ತದೆ. ಎರಡನೆಯದು ಮೂಗಿನ ಪರೀಕ್ಷೆ. ಚಿಟಿಕೆಯನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಜೋರಾಗಿ ಉಸಿರೆಳೆಯಬೇಕು. ಸೀಗೆಕಾಯಿ ಹಳೆಯದೋ ಹೊಸದೋ, ಮೆಂತ್ಯ ಹದವಾಗಿ ಒಣಗಿದೆಯೋ ಇಲ್ಲವೋ, ಎಲ್ಲ ಒಂದೇ ಎಳೆತಕ್ಕೆ ಗೊತ್ತಾಗುತ್ತಿತ್ತು.

"ಅಕ್ಕಾರ ಮೂಗು ಪಾಸ್ ಮಾಡಿದ್ರ ಮುಗೀತು. ಆಮ್ಯಾಲ ನನ್ನೂ ಕೇಳಬ್ಯಾಡ್ರಿ" ಎಂದು ಮಾಲಕರು ಹೇಳುತ್ತಿದ್ದರು. ತಲೆ ಎತ್ತಿ ಮಾತಾಡದ ನನಗೆ ಆ ಮೂಗೇ ಒಂದು ಬಾಯಿಯಾಗಿತ್ತು.

ಹೊಸದಾಗಿ ಬಂದವರೆಲ್ಲ ಸೀಗೆಕಾಯಿ ಪುಡಿಗೆ ಎಂಟು ದಿನ ಸೀನುತ್ತಿದ್ದರು. ಸೀನು ನಿಂತ ದಿನ ಉಳಿದವರು ಒಂದು ತುಂಡು ಬೆಲ್ಲ ಕೊಟ್ಟು "ಮೂಗು ಪಳಗಿತು" ಎನ್ನುತ್ತಿದ್ದರು. ಒಮ್ಮೆ ಪಳಗಿದ ಮೂಗಿಗೆ ಮುಂದೆ ಏನೂ ಆಗುವುದಿಲ್ಲ ಎಂದು ಎಲ್ಲರ ನಂಬಿಕೆ. ನನಗೂ ಬೆಲ್ಲ ಕೊಟ್ಟಿದ್ದರು. ಆಮೇಲೆ ಮೂರು ವರ್ಷ ನಾನು ಒಂದು ದಿನವೂ ಸೀನಲಿಲ್ಲ.

ನಾಲ್ಕನೆಯ ವರ್ಷ ಅವಳು ಬಂದಳು. ಹಿರೇಕೆರೂರು ಕಡೆಯ ಮಾಸೂರು ಅವಳ ತವರು. ನಮ್ಮಲ್ಲಿ ಹೆಂಗಸರನ್ನು ತವರೂರಿನಿಂದಲೇ ಗುರುತಿಸುತ್ತಿದ್ದರು. ನಾನು ಹತ್ತಿಮತ್ತೂರು ಅಕ್ಕ, ಅವಳು ಮಾಸೂರಿನವಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನಗುಮುಖದವಳು. ಸಾಣಿಗೆ ಕೋಣೆಯಲ್ಲಿ ನನ್ನ ಕೈಕೆಳಗೆ ಕಲಿಯಲಿ ಎಂದು ಮಾಲಕರು ಬಿಟ್ಟರು. ಮೊದಲ ದಿನ ಎಲ್ಲರೂ ಬಾಗಿಲಲ್ಲಿ ನಿಂತು ಅವಳ ಸೀನಿಗೆ ಕಾದರು. ಅವಳು ಸೀನಲೇ ಇಲ್ಲ.

"ಏನಬೇ, ಮೂಗಿಗೆ ತಗಡು ಬಡಿಸ್ಕೊಂಡು ಬಂದೀ ಏನು?" ಎಂದು ಪ್ಯಾಕಿಂಗಿನ ಹೆಂಗಸೊಬ್ಬಳು ಕೇಳಿದಳು.

"ಮದಗದ ಕೆರಿ ನೀರು ಕುಡದು ಬೆಳದ ಮೂಗು ಯಕ್ಕಾ ಇದು. ನಿಮ್ಮ ಪುಡಿಗೆಲ್ಲ ಅಂಜಂಗಿಲ್ಲ. ಬೆಲ್ಲ ಎಲ್ಲೈತಿ, ಕೊಡ್ರಿ" ಎಂದು ಅವಳು ಕೈ ಚಾಚಿದಳು.

ಎಲ್ಲರೂ ನಕ್ಕರು. ನಾನೇ ಬೆಲ್ಲ ಕೊಟ್ಟೆ. ಕೊಡುವಾಗಲೇ ನನ್ನೊಳಗೆ ಏನೋ ಚುರ್ರೆಂದಿತು. ಎಂಟು ದಿನ ಸೀನಿ ನಾನು ಪಡೆದದ್ದನ್ನು ಅವಳು ಬಂದ ದಿನವೇ ಪಡೆದಳು.

ಅದೇ ಮಳೆಗಾಲದಲ್ಲಿ ನನಗೆ ಕಣ್ಣು ಕಡಿಯತೊಡಗಿತು. ಮೂಗಿನಿಂದ ನೀರು ಸೋರುತ್ತಿತ್ತು. ಸಂಜೆ ಮನೆಗೆ ಹೋದ ಮೇಲೆ ಕೆಮ್ಮು. ಮೆಟ್ಟಿಲು ಹತ್ತುವಾಗ ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಸದ್ದು. ನೆಗಡಿ ಎಂದುಕೊಂಡು ಕಷಾಯ ಕುಡಿದೆ. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡೆ. ಸಂಜೆ ಅದೇ ಸೆರಗನ್ನು ಮನೆಯೊಳಗೆ ಕೊಡವುತ್ತಿದ್ದೆ.

ನಮ್ಮ ಶೆಡ್ಡಿಗೆ ವಾರದ ಸೂಟಿ ರವಿವಾರವಲ್ಲ, ಸೋಮವಾರ. ಮಾಲಕರದು ಒಕ್ಕಲುತನದ ಮನೆತನ. ಬಸವಣ್ಣನ ವಾರ ಎತ್ತಿಗೆ ನೊಗ ಹಾಕದ ಹಾಗೆ ಆ ದಿನ ಅವರು ಮಷೀನಿಗೆ ಬೆಲ್ಟ್ ಹಾಕುತ್ತಿರಲಿಲ್ಲ. ಅಮಾವಾಸ್ಯೆಗೂ ಹಾಗೆಯೇ. ನಾನು ಸೋಮವಾರ ಒಪ್ಪತ್ತು ಮಾಡುತ್ತಿದ್ದೆ. ಸೋಮವಾರ ಸಂಜೆಗೆ ಎದೆ ಹಗುರವಾಗುತ್ತಿತ್ತು. ಮಂಗಳವಾರ ಬೆಳಿಗ್ಗೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಉಸಿರಾಡುತ್ತಿದ್ದೆ. ಉಪವಾಸದಿಂದಲೇ ಇಳಿಯಿತು ಎಂದು ನಾನು ತಿಳಿದೆ. ದೇವರು ದಾರಿ ತೋರಿಸಿದ್ದಾನೆ ಎಂದು ಗುರುವಾರವೂ ಒಪ್ಪತ್ತು ಹಿಡಿದೆ. ಆಮೇಲೆ ಶನಿವಾರವೂ. ಆ ದಿನಗಳಲ್ಲಿ ಎದೆ ಹಗುರಾಗಲಿಲ್ಲ. ನನ್ನ ಭಕ್ತಿಯಲ್ಲಿಯೇ ಕೊರತೆ ಇದೆ ಎಂದುಕೊಂಡು ಒಂದು ಲೋಟ ಚಹಾವನ್ನೂ ಬಿಟ್ಟೆ. ಬರಿ ಹೊಟ್ಟೆಯಲ್ಲಿ ಸಾಣಿಗೆ ಆಡಿಸಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಸೋಮವಾರ ನಾನು ಅನ್ನ ಬಿಡುವುದರ ಜೊತೆಗೆ ಪುಡಿಯನ್ನೂ ಬಿಡುತ್ತಿದ್ದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಜಾಗ ಅವಳಿಗೆ ಹೋಗುತ್ತದೆ. ಅವಳು ಪಕ್ಕದಲ್ಲಿ ಕುಳಿತು, ಹಾಡು ಗುನುಗುತ್ತ, ಮೂಗಿಗೆ ಸೆರಗೂ ಕಟ್ಟದೆ ಸಾಣಿಗೆ ಆಡಿಸುತ್ತಿದ್ದಳು. ನಾನು ಪುಡಿಯನ್ನು ನೋಡುವುದು ಬಿಟ್ಟು ಅವಳ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಒಂದೇ ಗಾಳಿ, ಒಂದೇ ಕೋಣೆ. ಅವಳ ಉಸಿರು ಮಾತ್ರ ಯಾರ ಹಂಗೂ ಇಲ್ಲದೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಒಬ್ಬರ ಚಿನ್ನದ ಮೇಲೆ, ಸೀರೆಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನಾನು ಕಂಡಿದ್ದೆ. ನಾನು ಪಟ್ಟದ್ದು ಉಸಿರಿನ ಮೇಲೆ.

ದೀಪಾವಳಿಯ ಮಾಲು ತಯಾರಾಗುವ ಹೊತ್ತು ಅದು. ಒಂದು ದಿನ ಮೆಂತ್ಯದ ಪುಡಿ ಸಾಣಿಸಿ ಮುಗಿಸಿದೆವು. ಕೈಯ ಪರೀಕ್ಷೆಗೆ ನುಣ್ಣಗೆ ಕೂತಿತು. ಮೂಗಿನ ಹತ್ತಿರ ಹಿಡಿದು ಎಳೆದೆ. ಮೂಗು ಕಟ್ಟಿತ್ತು, ಏನೂ ಗೊತ್ತಾಗಲಿಲ್ಲ. ಗೊತ್ತಾದವಳ ಹಾಗೆ ತಲೆ ಆಡಿಸಿದೆ.

ಮಾಸೂರಿನವಳು ತಾನೂ ಒಂದು ಚಿಟಿಕೆ ಎಳೆದಳು. "ಅಕ್ಕಾರ, ಒಂದೀಟು ಮುಗ್ಗಲು ಹೊಡಿಯಾಕತ್ತೇತಿ ಅನಸ್ತೇತ್ರಿ" ಎಂದಳು.

"ನಾಕು ತಿಂಗಳ ಮೂಗಿಗೆ ಅಷ್ಟೆಲ್ಲ ಗೊತ್ತಾಗಂಗಿಲ್ಲ" ಎಂದೆ.

ಅವಳು ಮತ್ತೆ ಸಾಣಿಗೆ ಹಿಡಿದಳು. ಮಾಲು ಹೋಯಿತು. ಹದಿನೈದು ದಿನಕ್ಕೆ ಸವಣೂರಿನಿಂದಲೂ ಹಿರೇಕೆರೂರಿನಿಂದಲೂ ಅಂಗಡಿಯವರು ಪಾಕೀಟು ತಿರುಗಿ ಕಳಿಸಿದರು. ಪುಡಿ ಮುಗ್ಗಲು ನಾರುತ್ತದೆ ಎಂದು ದೂರು. ಮಾಲಕರು ಬೈಯಲಿಲ್ಲ. ಒಂದು ಪಾಕೀಟು ಒಡೆದು ನನ್ನ ಮುಂದೆ ಹಿಡಿದರು. ನಾನು ಎಳೆದೆ. ಆಗಲೂ ನನಗೆ ವಾಸನೆ ಬರಲಿಲ್ಲ. ಅವರಿಗೆ ನನ್ನ ಮುಖದಲ್ಲೇ ತಿಳಿಯಿತು.

"ನೀವು ಸ್ವಲ್ಪ ದಿನ ಪ್ಯಾಕಿಂಗಿನ್ಯಾಗ ಕುಂದರ್ರಿ ಅಕ್ಕಾರ. ಸಾಣಗಿ ಅಕಿ ನೋಡ್ಕೊಳ್ಳಲಿ" ಎಂದರು.

ಸಾಣಿಗೆ ಕೋಣೆಗೂ ಪ್ಯಾಕಿಂಗಿಗೂ ನಡುವೆ ಒಂದು ಅರ್ಧ ಗೋಡೆ ಮಾತ್ರ. ಗೋಡೆಯ ಆಚೆಯಿಂದ ಅವಳ ಹಾಡು ಕೇಳುತ್ತಿತ್ತು. ನಾನು ಕಲಿಸಿದ ಕೈ ಆಟ, ನಾನು ಕಲಿಸಿದ ಚಿಟಿಕೆ. ಊಟದ ಹೊತ್ತಿಗೆ ಅವಳು ತನ್ನ ಬುತ್ತಿಯಿಂದ ನನಗೆ ಮೊದಲು ಬಡಿಸುತ್ತಿದ್ದಳು. ಅದೂ ನನಗೆ ಚುಚ್ಚುತ್ತಿತ್ತು.

ಅವಳ ಕಣ್ಣೇ ತಾಗಿದೆ ಎಂದು ತೀರ್ಮಾನ ಮಾಡಿದೆ. ಇಲ್ಲದಿದ್ದರೆ ಮೂರು ವರ್ಷ ಇಲ್ಲದ್ದು ಅವಳು ಬಂದ ಮೇಲೆ ಯಾಕೆ ಬರಬೇಕು? ಒಂದು ಸಂಜೆ ಬಾಗಿಲು ಮುಚ್ಚಿ, ಕೆಂಡದ ಮೇಲೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಾಕಿ ನನಗೆ ನಾನೇ ದೃಷ್ಟಿ ತೆಗೆದುಕೊಂಡೆ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಅರ್ಥ. ಮೂಗು ಕಟ್ಟಿದ್ದರಿಂದ ಘಾಟು ಗೊತ್ತಾಗಲಿಲ್ಲ. ನೋಡು, ತಾಗಿಯೇ ಇದೆ ಎಂದು ಇನ್ನಷ್ಟು ಮೆಣಸಿನಕಾಯಿ ಹಾಕಿದೆ. ಎರಡು ನಿಮಿಷದಲ್ಲಿ ಎದೆ ಹಿಡಿದುಕೊಂಡಿತು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತೆವಳಿಕೊಂಡು ಹೋಗಿ ಬಾಗಿಲು ತೆರೆದೆ. ನೆರೆಮನೆಯವರು ಆಟೋ ತಂದು ದವಾಖಾನೆಗೆ ಒಯ್ದು, ನಿಮ್ಮವ್ವನಿಗೆ ಫೋನ್ ಮಾಡಿದರು. ಮರುದಿನ ನಿಮ್ಮವ್ವ ಬಂದು ನನ್ನನ್ನು ಶಿಗ್ಗಾಂವಿಗೆ ಕರೆದುಕೊಂಡು ಹೋದಳು.

ಅಲ್ಲಿ ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ಹೆಣ್ಣು ಡಾಕ್ಟರು ನನ್ನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಎಲ್ಲರೂ ಕೇಳುವುದನ್ನು ಬಿಟ್ಟು ಬೇರೊಂದು ಪ್ರಶ್ನೆ ಕೇಳಿದರು.

"ಏನು ಕೆಲಸ ಮಾಡ್ತೀರಿ ಅವ್ವಾರ?"

ಹೇಳಿದೆ. "ಸೂಟಿ ದಿನ ಹ್ಯಾಂಗಿರತೈತಿ?" ಎಂದರು. ಸೋಮವಾರ ಆರಾಮ, ಅದು ಒಪ್ಪತ್ತಿನ ಪುಣ್ಯ ಎಂದೆ. ಅವರು ನಗಲಿಲ್ಲ. "ಹಂಗಾದ್ರ ಗುರುವಾರದ ಒಪ್ಪತ್ತಿಗೆ ಯಾಕ ಆರಾಮಾಗಲಿಲ್ರಿ? ಅವತ್ತ ಮಷೀನು ಚಾಲೂ ಇತ್ತಿಲ್ಲೋ?" ಎಂದರು. "ಇತ್ರಿ" ಎಂದೆ.

ಇದು ಅಸ್ತಮಾ, ಕೆಲಸದ ಜಾಗದ ಪುಡಿಯಿಂದ ಬಂದಿರಬಹುದು ಎಂದರು. ಮೂರು ವರ್ಷ ಏನೂ ಆಗಿರಲಿಲ್ಲವಲ್ಲ ಎಂದಾಗ ವಿವರಿಸಿದರು. ಮೊದಲ ವಾರದ ಸೀನು ಬೇರೆ, ಅದು ಘಾಟಿಗೆ. ಇದು ಹಾಗಲ್ಲ. ಮೈ ಆ ಪುಡಿಯನ್ನು ವರ್ಷಗಟ್ಟಲೆ ಸುಮ್ಮನೆ ಸಹಿಸಿಕೊಂಡು, ಒಂದು ದಿನ ಅದನ್ನು ವೈರಿ ಎಂದು ಗುರುತು ಹಿಡಿದುಬಿಡುತ್ತದೆ. ಆಮೇಲೆ ಚಿಟಿಕೆ ಸಾಕು. ನಮ್ಮ ಬೆಲ್ಲ ಹಂಚುವ ನಂಬಿಕೆ ಅಲ್ಲಿಗೆ ಉಲ್ಟಾ ಆಯಿತು.

ಎಳೆದುಕೊಳ್ಳುವ ಔಷಧದ ಪಂಪು ಕೊಟ್ಟರು. ಜೊತೆಗೆ ಒಂದು ಬಿಳಿ ಕೊಳವೆ, ದೊಡ್ಡವಳು ಪೀಪಿ ಎಂದುಕೊಂಡದ್ದು. ತುಂಬ ಉಸಿರು ತೆಗೆದುಕೊಂಡು ಒಂದೇ ಸಲ ಜೋರಾಗಿ ಊದಬೇಕು. ಕೆಂಪು ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೋ ಅದು ಅಂದಿನ ಉಸಿರು. ಮೂರು ಸಲ ಊದಿ, ಎಲ್ಲಕ್ಕಿಂತ ದೊಡ್ಡದನ್ನು ಬರೆದುಕೊಳ್ಳಬೇಕು. ಕೆಲಸಕ್ಕೆ ಮೊದಲು, ಮಧ್ಯಾಹ್ನ, ಸಂಜೆ, ಸೂಟಿಯಲ್ಲೂ ಬಿಡದೆ, ಒಂದು ತಿಂಗಳು. ಬಾಯಿಗೆ ಇಡುವ ರಟ್ಟಿನ ತುಂಡುಗಳನ್ನು ನರ್ಸ್ ಒಂದು ಮುಷ್ಟಿ ಕೊಟ್ಟು, ಒಬ್ಬರದನ್ನು ಇನ್ನೊಬ್ಬರು ಬಳಸಬಾರದು ಎಂದಳು. ಹುಬ್ಬಳ್ಳಿಗೆ ಹೋಗಿ ಚರ್ಮದ ಪರೀಕ್ಷೆಯನ್ನೂ ಮಾಡಿಸಿದೆವು. ಮುಂಗೈಯ ಒಳಬದಿಗೆ ಸಾಲಾಗಿ ಹನಿ ಹಾಕಿ ಸೂಜಿಯಿಂದ ಚುಚ್ಚಿದರು. ಸೀಗೆಕಾಯಿಯ ಚುಕ್ಕೆ ಸುಮ್ಮನಿತ್ತು, ನೆಲ್ಲಿಯದೂ ಸುಮ್ಮನಿತ್ತು. ಮೆಂತ್ಯದ ಚುಕ್ಕೆ ಸೊಳ್ಳೆ ಕಡಿದ ಹಾಗೆ ಉಬ್ಬಿತು. ಹುಟ್ಟಿದಾಗಿನಿಂದ ತಿಂದ ಮೆಂತ್ಯ! ಬಾಣಂತಿಗೆ ಕೊಡುವ ಮೆಂತ್ಯ! ನನಗೆ ಅಳು ಬಂತು.

ಒಂದು ತಿಂಗಳ ಅಳತೆ ಬರೆಯಬೇಕಾದ್ದರಿಂದ, ಪಂಪು ಇಟ್ಟುಕೊಂಡು ಪ್ಯಾಕಿಂಗಿನಲ್ಲಿಯೇ ಕೆಲಸ ಮುಂದುವರಿಸಿದೆ. ಸಾಣಿಗೆ ಕೋಣೆಯ ಹತ್ತಿರ ಮಾತ್ರ ಹೋಗಬಾರದು ಎಂದಿದ್ದರು. ಮೊದಲ ದಿನವೇ ಮಾಸೂರಿನವಳು ಕೊಳವೆ ನೋಡಿದಳು.

"ಇದೇನ್ರಿ ಅಕ್ಕಾರ? ಪೀಪಿ ಊದಾಕ ಹೊಂಟೀರೇನು, ಮದ್ವಿ ಯಾರದು?"

"ಉಸರು ಎಷ್ಟೈತಿ ಅಂತ ತೋರಸ್ತೇತಿ" ಎಂದೆ.

"ಕೊಡ್ರಿ ಇತ್ತಾಗ, ನಂದೂ ನೋಡೂಣು."

ಹೊಸ ರಟ್ಟು ಹಾಕಿ ಕೊಟ್ಟೆ. ಬೆಳಿಗ್ಗೆ ನಾನು ಊದಿದಾಗ ಮುಳ್ಳು ಇನ್ನೂರ ಅರವತ್ತಕ್ಕೆ ನಿಂತಿತ್ತು. ಅವಳು ಕೆನ್ನೆ ಉಬ್ಬಿಸಿ ಫೂ ಎಂದಳು. ನಾನೂರ ನಲವತ್ತು. ಹೆಂಗಸರೆಲ್ಲ ಹೋ ಎಂದು ಕೂಗಿದರು. "ಇದರ ಮುಂದಿನ ನಂಬರ್ ಎಲ್ಲೈತ್ರಿ, ಪಟ್ಟಿ ಮುಗದೇ ಹೋತಲ್ಲ" ಎಂದು ಅವಳು ತಮಾಷೆ ಮಾಡಿದಳು. ಪಟ್ಟಿ ಮುಗಿದಿರಲಿಲ್ಲ. ಆದರೆ ನನ್ನ ಮುಳ್ಳಿಗೂ ಅವಳ ಮುಳ್ಳಿಗೂ ನಡುವಿನ ಆ ಜಾಗ ನನ್ನ ಕಣ್ಣಿಗೆ ಒಂದು ಹೊಲದಷ್ಟು ಅಗಲ ಕಂಡಿತು.

ಆ ದಿನ ಅಳತೆ ಬರೆದಿಡುವ ವಹಿಯಲ್ಲಿ ನನ್ನ ಅಂಕಿಯ ಪಕ್ಕಕ್ಕೆ ಒಂದು ಗೆರೆ ಎಳೆದು, ಮೇಲೆ 'ಮಾ' ಎಂದು ಬರೆದು, ಅವಳ ಅಂಕಿಯನ್ನೂ ಬರೆದೆ. ಯಾಕೆ ಎಂದು ಕೇಳಿದರೆ ನಿಜ ಹೇಳುತ್ತೇನೆ. ಒಂದು ದಿನ ಅದು ಇಳಿಯುತ್ತದೆಯೋ ನೋಡಬೇಕಿತ್ತು. ಅವಳಿಗೆ ಗೊತ್ತಾಗದ ಹಾಗೆ ದಿನಾ ಊದಿಸುವುದಕ್ಕೆ ತಮಾಷೆಯ ನೆಪ ಮಾಡಿದೆ. "ನಿನ್ನಿಕಿಂತ ಹೆಚ್ಚು ಊದ್ತೀಯೇನು?" ಎಂದರೆ ಸಾಕು, ಅವಳು ಪಂಥ ಕಟ್ಟಿ ಊದುತ್ತಿದ್ದಳು. ನಾಚುಗುಳಿಯಾದ ನಾನು ಇಷ್ಟು ಮಾತಾಡಿದ್ದು ಅದೇ ಮೊದಲು.

ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರ ಮೆಂತ್ಯದ ದೊಡ್ಡ ಲಾಟು ಬಂತು. ಬುಧವಾರ ಸಂಜೆ ಅವಳದು ನಾನೂರ ಹತ್ತು. ಶನಿವಾರ ಸಂಜೆ ಮುನ್ನೂರ ತೊಂಬತ್ತು. "ಹೊಟ್ಟಿ ತುಂಬ ಉಂಡೇನ್ರಿ, ಊದಾಕ ಬರವಲ್ದು" ಎಂದು ನಕ್ಕಳು. ಮಂಗಳವಾರ ಬೆಳಿಗ್ಗೆ ಮತ್ತೆ ನಾನೂರ ಮೂವತ್ತು. ಮೂರನೆಯ ವಾರ ರವಿವಾರ ಸಂಜೆ ಮುನ್ನೂರ ಐವತ್ತು. ಅವಳಿಗೆ ಕೆಮ್ಮಿಲ್ಲ, ಸೀನಿಲ್ಲ, ಏನೂ ಗೊತ್ತೂ ಇಲ್ಲ. ನನಗೆ ಗೊತ್ತಿತ್ತು. ಆ ಸಂಜೆ ಮನೆಗೆ ಹೋಗುವಾಗ ನನಗೆ ಖುಷಿಯಾಗಿತ್ತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಖುಷಿಯಾದದ್ದು ನಿಜ. ದಾರಿಯಲ್ಲಿ ಬಾಳೆಹಣ್ಣು ಕೊಂಡು ತಿಂದೆ.

ತಿಂಗಳು ಮುಗಿದ ಸೋಮವಾರ ವಹಿ ತೆಗೆದುಕೊಂಡು ಶಿಗ್ಗಾಂವಿಗೆ ಹೋದೆ. ಡಾಕ್ಟರ್ ಬಾಯಿ ನನ್ನ ಸಾಲಿನ ಮೇಲೆ ಪೆನ್ನು ಆಡಿಸಿ, ಸೋಮವಾರದ ಏರು, ವಾರದ ಇಳಿತ ಗುರುತು ಹಾಕಿದರು. ಆಮೇಲೆ ಪೆನ್ನು ಪಕ್ಕದ ಸಾಲಿಗೆ ಹೋಯಿತು.

"ಈ ಎರಡನೇ ಸಾಲು ಯಾರದ್ರಿ?"

"ನನ್ನ ಜಾಗಾಕ್ಕ ಬಂದಾಕಿದು" ಎಂದೆ.

"ಅಕಿಗೆ ಗೊತ್ತೈತೇನು?"

"ಇಲ್ರಿ."

ಅವರು ಪೆನ್ನು ಕೆಳಗಿಟ್ಟರು. "ಅಕಿಗೆ ಈಗ ಶುರುವಾಗೇತಿ ಅಂತ ಕಾಣತೈತಿ. ಇಲ್ಲಿ ಕರಕೊಂಡು ಬರ್ರಿ. ಈಗ ಪುಡಿ ಬಿಟ್ರ ಪೂರ್ತಿ ಮೊದಲಿನಂಗ ಆಗಬಹುದು. ನಿಮಗ ತಡ ಆತು. ಔಷಧದಿಂದ ತಡೀತೇವಿ, ಆದ್ರ ಒಂದೀಟು ಉಳೀತೈತಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಹಾನಗಲ್ ಬರುವವರೆಗೂ ಹೊರಗೆ ಏನು ಹೋಯಿತೋ ನೋಡಲಿಲ್ಲ. ನನಗೆ ಮರಳಿ ಬರದ ಉಸಿರು ಅವಳಿಗೆ ಮರಳಿ ಬರುತ್ತದೆ. ನಾನು ಹೇಳಿದರೆ ಬರುತ್ತದೆ. ಹೇಳದೆ ಸುಮ್ಮನಿದ್ದರೆ ಒಂದೆರಡು ವರ್ಷಕ್ಕೆ ಅವಳ ಮುಳ್ಳೂ ನನ್ನ ಮುಳ್ಳಿನ ಪಕ್ಕ ಬಂದು ನಿಲ್ಲುತ್ತದೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿರಬೇಕು ಅಷ್ಟೆ. ಜೀವನವೆಲ್ಲ ಸುಮ್ಮನಿದ್ದವಳಿಗೆ ಅದೇನು ಕಷ್ಟ?

ಮಂಗಳವಾರ ಸುಮ್ಮನಿದ್ದೆ. ಬುಧವಾರವೂ ಸುಮ್ಮನಿದ್ದೆ. ಊಟಕ್ಕೆ ಅವಳು ತಂದ ಬದನೆಕಾಯಿ ಎಣ್ಣೆಗಾಯಿ ತಿಂದೆ.

ಗುರುವಾರ ಮಧ್ಯಾಹ್ನ ಅರ್ಧ ಗೋಡೆಯ ಆಚೆ ಯಾರೋ ಏನೋ ಹೇಳಿ ಅವಳು ಜೋರಾಗಿ ನಕ್ಕಳು. ನಗು ಮುಗಿಯುವ ಕೊನೆಗೆ ಒಂದು ಸಣ್ಣ ಸದ್ದು ಬಂತು. ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ನನಗೆ ಅದು ನನ್ನದೇ ಎದೆಯಿಂದ ಬಂದ ಹಾಗಾಯಿತು. ಆ ಸಿಳ್ಳೆಯನ್ನು ನಾನು ನಾಲ್ಕು ತಿಂಗಳು ಒಬ್ಬಳೇ ಕೇಳಿದ್ದೆ. ಎದ್ದು ಗೋಡೆಯ ಮೇಲಿಂದ ನೋಡಿದೆ. ಅವಳು ಮೆಂತ್ಯದ ಪುಡಿಯ ಚಿಟಿಕೆ ಹಿಡಿದು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ಒಯ್ಯುತ್ತಿದ್ದಳು. ಕಣ್ಣು ಮುಚ್ಚು, ಆಗ ವಾಸನೆ ಚಲೋ ತಿಳಿಯುತ್ತದೆ ಎಂದು ಕಲಿಸಿದವಳು ನಾನೇ.

ಕೋಣೆಗೆ ಹೋಗಬಾರದು ಎಂದಿದ್ದರು. ಹೋದೆ. ಅವಳ ಕೈಗೆ ಹೊಡೆದೆ. ಪುಡಿ ನೆಲದ ಮೇಲೆ ಚೆಲ್ಲಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಾಲಕರು ಓಡಿಬಂದರು.

"ಏನಾತ್ರಿ ಅಕ್ಕಾರ? ಮಾಲು ಹೋಗೂ ಹೊತ್ತಿನ್ಯಾಗ ಇದೇನು?"

ನನಗೆ ಕೆಮ್ಮು ಬಂತು. ಹೊರಗೆ ಬಂದು, ಪಂಪು ಎಳೆದುಕೊಂಡು, ಚೀಲದಿಂದ ವಹಿ ತೆಗೆದು ಮಾಲಕರ ಕೈಗೆ ಕೊಟ್ಟೆ. ಮಾಸೂರಿನವಳು ಅವರ ಭುಜದ ಮೇಲಿಂದ ಇಣುಕಿದಳು. 'ಮಾ' ಎಂಬ ಅಕ್ಷರ ಕಂಡಳು. ತಿಂಗಳ ಅಂಕಿ ಕಂಡಳು. ಅವಳ ಮುಖದ ನಗು ಮೊದಲ ಸಲ ಹೋಯಿತು.

"ನನ್ನ ಉಸರು ಕದ್ದು ಬರಕೊಳ್ಳಾಕತ್ತಿದ್ರಿ? ನಾ ಹುಚ್ಚಿಯಂಗ ಊದತಿದ್ದೆ, ನೀವು ಇಳಿಯೂದು ಕಾಯ್ಕೊಂತ ಕುಂತಿದ್ರಿ? ಹೊಟ್ಟಿಕಿಚ್ಚು ಅಕ್ಕಾರ ನಿಮಗ! ನನ್ನ ಸಾಣಗಿ ಬಿಡಸಾಕ ಹೂಡೀರಿ ಇದನ್ನ."

"ಹೌದವ್ವ, ಹೊಟ್ಟಿಕಿಚ್ಚು" ಎಂದೆ. ಅಷ್ಟು ಜನರ ಎದುರು ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅದಕ್ಕ ಬರದೆ. ಆದ್ರ ಅಂಕಿ ನಂದಲ್ಲ. ನೀ ಊದಿದ್ದು."

ಅವಳು ಬುತ್ತಿ ಗಂಟು ಎತ್ತಿಕೊಂಡು ಹೊರಟುಹೋದಳು. ಮಾಲಕರು ಕಟ್ಟೆಯ ಮೇಲೆ ಕುಳಿತು ವಹಿ ನೋಡುತ್ತಲೇ ಇದ್ದರು. ಅವರ ಬೆರಳು ಒಂದೇ ಕಡೆ ಬಂದು ನಿಲ್ಲುತ್ತಿತ್ತು.

"ಮಂಗಳವಾರ ಮುಂಜಾನೆ ಎರಡೂ ಸಾಲು ಏರ್‍ಯಾವು. ರವಿವಾರ ಸಂಜಿಕ ಎರಡೂ ಬಿದ್ದಾವು. ಇದೇನ್ರಿ?"

"ಸೋಮವಾರ ನೀವು ಬೆಲ್ಟ್ ಹಾಕಂಗಿಲ್ಲಲ್ರಿ" ಎಂದೆ.

ಅವರು ವಹಿ ಮುಚ್ಚಿದರು. ಆಮೇಲೆ ತಾವೇ ಹೋಗಿ ಮಷೀನು ಬಂದ್ ಮಾಡಿದರು. ಅವತ್ತು ಗುರುವಾರ.

ಮಾಸೂರಿನವಳು ಮುಂದಿನ ಮೂರು ದಿನ ಕೆಲಸಕ್ಕೆ ಬರಲಿಲ್ಲ. ಸೋಮವಾರ ಸಂಜೆ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕುಳಿತುಕೋ ಎಂದರೆ ಕುಳಿತುಕೊಳ್ಳಲಿಲ್ಲ. "ಪೀಪಿ ಕೊಡ್ರಿ" ಎಂದಳು. ಹೊಸ ರಟ್ಟು ಹಾಕಿ ಕೊಟ್ಟೆ. ಊದಿದಳು. ನಾನೂರ ಇಪ್ಪತ್ತು. ಮತ್ತೆ ಊದಿದಳು, ಅಷ್ಟೇ ಬಂತು. ಮುಳ್ಳನ್ನೇ ನೋಡುತ್ತ ನಿಂತಳು.

"ಕೆಲಸ ಬಿಟ್ಟು ನಾಕ ದಿನಕ್ಕ ಏರಿತು" ಎಂದಳು, ನನಗಲ್ಲ, ಮುಳ್ಳಿಗೆ ಹೇಳಿದ ಹಾಗೆ. ಆಮೇಲೆ, "ಶಿಗ್ಗಾಂವಿ ಡಾಕ್ಟರ್ ಬಾಯಿ ಯಾವತ್ತ ಇರ್ತಾರ?" ಎಂದು ಕೇಳಿದಳು.

ಅವಳಿಗೂ ಮೆಂತ್ಯವೇ ಎಂದಾಯಿತು. ಶೆಡ್ಡಿನಲ್ಲಿ ಮುಂದೆ ಆದ ಬದಲಾವಣೆ ಒಂದೇ ದಿನಕ್ಕೆ ಆದದ್ದಲ್ಲ. ಮೊದಲು ಮಾಲಕರು ಎಲ್ಲರಿಗೂ ಮಾಸ್ಕ್ ತಂದರು, ಅದು ಸೆಕೆಗೆ ಕುತ್ತಿಗೆಗೆ ಇಳಿಯಿತು. ಆಮೇಲೆ ಕಿಟಕಿ ಒಡೆದು ಗಾಳಿ ಎಳೆಯುವ ಫ್ಯಾನ್ ಕೂಡಿಸಿದರು. ಅದು ಪುಡಿಯನ್ನೂ ಎಳೆದು ಹೊರಗೆ ಚೆಲ್ಲಿತು, ಮಾಲಕರು ಪಕ್ಕದ ಹೊಲದವರ ಹತ್ತಿರ ಬೈಸಿಕೊಂಡರು. ಕೊನೆಗೆ ಮುಚ್ಚಳದ ಡಬ್ಬಿಯೊಳಗೆ ತಿರುಗುವ ಸಾಣಿಗೆ ಬಂತು, ಫ್ಯಾನಿಗೆ ಪುಡಿ ಹಿಡಿಯುವ ಚೀಲ ಬಂತು. ಮೆಂತ್ಯಕ್ಕೆ ಮಾತ್ರ ನಾನು ಒಂದು ದಾರಿ ಹೇಳಿದೆ. ನಮ್ಮ ಕಡೆ ಮೆಂತ್ಯ ನೆನೆಹಾಕಿ ರುಬ್ಬಿ ತಲೆಗೆ ಹಚ್ಚುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಪುಡಿಯೇ ಮಾಡಬೇಡಿ, ಕಾಳನ್ನೇ ಸಣ್ಣ ಪಾಕೀಟಿನಲ್ಲಿ ಹಾಕಿ ಕೊಡಿ ಎಂದೆ. ಸವಣೂರಿನ ಅಂಗಡಿಯವರು ಮೊದಲು ಗೊಣಗಿದರು, ಆಮೇಲೆ ಅದನ್ನೇ ಕೇಳತೊಡಗಿದರು.

ಮೂಗಿನ ಪರೀಕ್ಷೆ ನಿಂತಿತು. ಈಗ ಒಂದು ಬಟ್ಟಲು ನೀರಿಗೆ ಚಮಚ ಪುಡಿ ಹಾಕಿ ಕಲಸಿ, ತಳಕ್ಕೆ ಬೆರಳಾಡಿಸುತ್ತಾರೆ. ತರಿ ಇದ್ದರೆ ಬೆರಳಿಗೆ ಸಿಗುತ್ತದೆ. ಒದ್ದೆ ಪುಡಿಯ ವಾಸನೆಯೂ ತಿಳಿಯುತ್ತದೆ, ಆದರೆ ಅದು ಹಾರುವುದಿಲ್ಲ. ಹೊಸಬರಿಗೆ ಬೆಲ್ಲ ಕೊಡುವುದಿಲ್ಲ. ಬಂದ ದಿನ ಕೊಳವೆ ಊದಿಸಿ, ಅಂಕಿ ಬರೆದಿಡುತ್ತಾರೆ. ಬರೆಯುವ ಕೆಲಸ ನನ್ನದು. ಅಂಗಳದ ಬೇವಿನ ಮರದ ಕೆಳಗೆ ನನಗೊಂದು ಕುರ್ಚಿ ಇದೆ, ಶೆಡ್ಡಿನೊಳಗೆ ನಾನು ಹೋಗುವುದಿಲ್ಲ.

ಮಾಸೂರಿನವಳು ಈಗ ಒಣಗಿಸುವ ಅಂಗಳ ನೋಡಿಕೊಳ್ಳುತ್ತಾಳೆ. ನನ್ನ ಜೊತೆ ಮೊದಲಿನಷ್ಟು ಸಲಿಗೆ ಇಲ್ಲ. ಮಾತಿನಲ್ಲಿ ಸದಾ ಒಂದು ಕೊಂಕು ಇಟ್ಟಿರುತ್ತಾಳೆ, ಅದು ನನಗೆ ಸಲ್ಲಬೇಕಾದದ್ದೇ. ಪ್ರತಿ ತಿಂಗಳು ಮೊದಲ ಮಂಗಳವಾರ ಬಂದು ಕುರ್ಚಿಯ ಮುಂದೆ ನಿಲ್ಲುತ್ತಾಳೆ.

ಈ ತಿಂಗಳೂ ಬಂದಳು. "ಬರಕೊಳ್ರಿ, ಹೊಟ್ಟಿಕಿಚ್ಚಿನ ಅಕ್ಕಾರ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕೆನ್ನೆ ಉಬ್ಬಿಸಿ ಊದಿದಳು. ನಾನೂರ ಐವತ್ತು. ಬಂದ ವರ್ಷಕ್ಕಿಂತ ಹತ್ತು ಹೆಚ್ಚು. ನನ್ನದು ಇನ್ನೂರ ತೊಂಬತ್ತರ ಮೇಲೆ ಹೋಗಿಲ್ಲ, ಹೋಗುವುದೂ ಇಲ್ಲ.

'ನನಗೆ ಸಂತೋ' ಎಂದು ಬರೆಯಹೊರಟು ಹೊಡೆದುಹಾಕಿದ್ದೇನೆ. ಸಂತೋಷ ಆಮೇಲೆ, ಮನೆಗೆ ಹೋಗುವಾಗ ಆಯಿತು. ಮುಳ್ಳು ಏರಿದ ಆ ಗಳಿಗೆಯಲ್ಲಿ ಎದೆಯೊಳಗೆ ಮೊದಲಿನ ಹಾಗೆಯೇ ಚುರ್ರೆಂದಿತು. ಅಂಕಿಯನ್ನು ಮಾತ್ರ ಒಂದೂ ಕಡಿಮೆ ಮಾಡದೆ, ಅವಳ ಸಾಲಿನಲ್ಲಿ, ಅವಳ ಕಣ್ಣೆದುರಿಗೇ ಬರೆದುಕೊಂಡೆ.